ಹೊಳೆ ದಾಟಿದ ಎರಡು ಕಾಗದಗಳು

ಹುಬ್ಬಳ್ಳಿ: ಹೊರಡುವ ಮುಂಚೆ

ನಾನು ಜೀವಮಾನದಲ್ಲಿ ಮಾಡಿದ ಪರದೇಶ ಪ್ರವಾಸ ಒಂದೇ, ಅದೂ ಎರಡು ದಿನದ್ದು. ಹಡಗು ಬೇಕಾಗಲಿಲ್ಲ, ಪಾಸ್‌ಪೋರ್ಟು ಬೇಕಾಗಲಿಲ್ಲ. ಹುಬ್ಬಳ್ಳಿಯಲ್ಲಿ ರೈಲಿನ ಹೆಂಗಸರ ಡಬ್ಬಿ ಹತ್ತಿ ತುಂಗಭದ್ರೆಯ ಸೇತುವೆ ದಾಟಿದೆ, ಅಷ್ಟೆ. ಆದರೆ ಅದು ರಾಜ್ಯಗಳು ಒಂದಾಗುವುದಕ್ಕೆ ಹಿಂದಿನ ಬೇಸಿಗೆ. ಹೊಳೆಯ ಈಚೆ ದಂಡೆ ಮುಂಬಯಿ ಸರಕಾರದ್ದು, ಆಚೆ ದಂಡೆ ಮೈಸೂರು ಸರಕಾರದ್ದು. ಈಚೆ ಚಹಾ, ಆಚೆ ಕಾಫಿ. ನಾವು ಅವರ ಮಾತು ಕೇಳಿ ನಗುತ್ತಿದ್ದೆವು. ಅವರೂ ನಮ್ಮ ಮಾತು ಕೇಳಿ ನಗುತ್ತಾರೆಂಬುದು ಹೋದ ಮೇಲೆ ತಿಳಿಯಿತು. ಪೊಲೀಸರು ಬೇರೆ, ಕಚೇರಿ ಬೇರೆ, ಶಾಲೆಯ ಬೇಸಿಗೆ ರಜೆಯೂ ಬೇರೆ. ಈ ಕೊನೆಯದನ್ನು ಮರೆತದ್ದರಿಂದಲೇ ನಾನು ಹೊರಡಬೇಕಾಯಿತು.

ಆಗ ನನಗೆ ಮೂವತ್ತನಾಲ್ಕು ವರ್ಷ. ಸೋದರಮಾವನ ವಾರಪತ್ರಿಕೆಯಲ್ಲಿ ಉಪಸಂಪಾದಕಿ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಪುರಸೊತ್ತಾಗಲಿಲ್ಲ ಎನ್ನುತ್ತಿದ್ದೆ. ಮಾವ ನನಗೆ ಕಲಿಸಿದ್ದು ಎರಡೇ ಪಾಠ. ಕಣ್ಣಾರೆ ನೋಡದ್ದನ್ನು ಬರೆಯಬೇಡ. ಮುಖ್ಯ ಸುದ್ದಿ ಮೊದಲ ಸಾಲಿನಲ್ಲಿ ಬರಲಿ. ಮೊದಲನೆಯ ಪಾಠವನ್ನು ಪ್ರತಿ ವಾರ ಮುರಿಯುತ್ತಿದ್ದೆ. ಏಕೆಂದರೆ 'ವಜ್ರಮುಷ್ಟಿ' ಎಂಬ ಹೆಸರಿನಲ್ಲಿ ನಮ್ಮ ಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದವಳು ನಾನೇ. ಓದುಗರು ವಜ್ರಮುಷ್ಟಿಯನ್ನು ದಪ್ಪ ಮೀಸೆಯ, ಆರಡಿ ಎತ್ತರದ ಗಂಡಸು ಎಂದುಕೊಂಡಿದ್ದರು. ನಾನು ಐದಡಿಗೆ ಎರಡಂಗುಲ ಕಡಿಮೆ.

ಎರಡನೆಯ ಪಾಠವನ್ನು ಮಾತ್ರ ನಿಷ್ಠೆಯಿಂದ ಪಾಲಿಸಿದೆ. ಸ್ವಂತ ಕಾಗದಗಳಲ್ಲೂ 'ಉಭಯ ಕುಶಲೋಪರಿ ಸಾಂಪ್ರತ', 'ಇತ್ತ ಕ್ಷೇಮ, ಅತ್ತ ಕ್ಷೇಮಕ್ಕೆ ಬರೆಯಿರಿ' ಮುಂತಾದ ಸಾಲುಗಳನ್ನು ಹೊಡೆದುಹಾಕಿ, ನೇರವಾಗಿ ವಿಷಯಕ್ಕೆ ಬರುತ್ತಿದ್ದೆ. ಇದರ ಬಗ್ಗೆ ನನಗೆ ಒಂದು ಬಗೆಯ ಜಂಬವೇ ಇತ್ತು.

ದಾವಣಗೆರೆಯ ಗಿರಿಜಾ ನನಗೆ ಪರಿಚಯವಾದದ್ದು ತಪ್ಪು ತೋರಿಸುವ ಮೂಲಕ. ನನ್ನ ಹಿಂದಿನ ಕಥೆಯಲ್ಲಿ ಕೊಲೆಗಾರ ಮೇ ತಿಂಗಳಲ್ಲಿ ಹರಿಹರದ ಸೇತುವೆಯಿಂದ ಹೆಣ ಎಸೆದಿದ್ದ. ವಾರದೊಳಗೆ ಕಾಗದ ಬಂತು: 'ಮೇ ತಿಂಗಳಲ್ಲಿ ಇಲ್ಲಿ ಹೊಳೆಯಲ್ಲಿ ನೀರಿರುವುದಿಲ್ಲ. ನಿಮ್ಮ ಹೆಣ ಬಂಡೆಯ ಮೇಲೆ ಬಿದ್ದು, ಬಟ್ಟೆ ಒಗೆಯುವವರಿಗೆಲ್ಲ ಕಾಣುತ್ತದೆ. ಸೇತುವೆಯ ನಡುವೆ ಎರಡು ರಾಜ್ಯದ ಗಡಿಗೆ ಬಿಳಿ ಗೆರೆ ಎಳೆದಿದೆ ಎಂದಿದ್ದೀರಿ. ಎಳೆದಿಲ್ಲ.' ಕೆಳಗೆ ಹೆಂಗಸಿನ ರುಜು. ಕನ್ಯಾಶಾಲೆಯ ಶಿಕ್ಷಕಿ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಯಲ್ಲಿದ್ದುಕೊಂಡು, ಓದಿ ಕೆಲಸ ಹಿಡಿದವಳು. ನಾನು ಉತ್ತರ ಬರೆದೆ. ಅವಳೂ ಬರೆದಳು. ಮುಂದಿನ ಧಾರಾವಾಹಿಯನ್ನು ನಾವಿಬ್ಬರೂ ಕೂಡಿಯೇ ಕಟ್ಟಿದೆವು. ಪದ್ಮಾ, ಲೀಲಾ ಎಂಬ ಇಬ್ಬರು ಗೆಳತಿಯರ ಕಥೆ. ಪದ್ಮಾಳ ಅಣ್ಣ ಅರಳೆ ವ್ಯಾಪಾರಿ, ಅವನ ಕೊಲೆಯಾಗಬೇಕು. ಇಬ್ಬರ ಮೇಲೂ ಸಂಶಯ ಬಂದು, ಒಬ್ಬಳನ್ನು ಉಳಿಸಲು ಇನ್ನೊಬ್ಬಳು 'ನಾನೇ ಮಾಡಿದೆ' ಎನ್ನಬೇಕು. ಕೊನೆಗೆ ಲೀಲಾಳಿಗೆ ಇನ್ಸ್‌ಪೆಕ್ಟರ್ ಜತೆ ಮದುವೆಯಾಗಬೇಕೆಂದು ಮಾವನ ಅಪ್ಪಣೆ. ಆ ಮದುವೆ ನಮ್ಮಿಬ್ಬರಿಗೂ ಬೇಕಿರಲಿಲ್ಲ. ಅದನ್ನು ಮುಂದೂಡಲು ಹೋಗಿ ಅಣ್ಣನನ್ನು ಹನ್ನೊಂದು ಕಂತು ಬದುಕಿಸಿಬಿಟ್ಟಿದ್ದೆವು.

ದೀಪಾವಳಿಯ ರಜೆಯಲ್ಲಿ ಗಿರಿಜಾ ಹುಬ್ಬಳ್ಳಿಗೆ ಬಂದು ನನ್ನ ಮನೆಯಲ್ಲಿ ಮೂರು ದಿನ ಇದ್ದಳು. ಹೋಗುವಾಗ ಅವಳ ತಲೆ ಬಾಚುವ ಹಣಿಗೆ ಕಿಟಕಿಯಲ್ಲಿ ಉಳಿಯಿತು. ಅಂಚೆಯಲ್ಲಿ ಕಳಿಸಬಹುದಿತ್ತು. ಕಳಿಸಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಒರೆಸಿ ಅಲ್ಲೇ ಇಡುತ್ತಿದ್ದೆ. ವರದಿ ಮಾಡಬೇಕಾದ ಸಂಗತಿ ಇಷ್ಟು.

ಆ ಬೇಸಿಗೆಯಲ್ಲಿ ಅವಳಿಗೆ ಒಂದೇ ವಾರ ಎರಡು ಕಾಗದ ಹಾಕಿದೆ. ಮೊದಲನೆಯದು ಧಾರಾವಾಹಿಯ ಬಗ್ಗೆ. ಎರಡನೆಯದು ನಾಲ್ಕು ಪುಟದ್ದು. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರ ಜಾಗ ಖಾಲಿಯಾಗಿದೆ, ಸೋಮವಾರದೊಳಗೆ ಬನ್ನಿ ಎಂದು ಶುರು ಮಾಡಿದ್ದೆ. ಆಮೇಲೆ ಮೂರೂವರೆ ಪುಟ ಪ್ರೂಫಿನ ಸುದ್ದಿಯೇ ಇರಲಿಲ್ಲ. ಬೇರೆಯವರ ಬರಹದಲ್ಲಿ ಗುಣವಾಚಕ ಕಂಡರೆ ಕೆಂಪು ಪೆನ್ಸಿಲ್ ಎತ್ತುವವಳು ಅದರಲ್ಲಿ ಎಷ್ಟು ಗುಣವಾಚಕ ಸುರಿದಿದ್ದೆ ಎಂದು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಎರಡನ್ನೂ ಶಾಲೆಯ ವಿಳಾಸಕ್ಕೇ ಹಾಕಿದೆ. ನಮ್ಮಲ್ಲಿ ಇನ್ನೂ ಪರೀಕ್ಷೆ ನಡೆದಿತ್ತು. ಅಲ್ಲಿ ಶಾಲೆ ಮುಚ್ಚಿ ಹತ್ತು ದಿನವಾಗಿತ್ತು.

ಮುಂದಿನ ಬುಧವಾರ ಒಂದು ಕಾರ್ಡು ಬಂತು. ಅಕ್ಷರ ಗುರುತಿನದಲ್ಲ, ರುಜು ಇಲ್ಲ. 'ಉಭಯ ಕುಶಲೋಪರಿ ಸಾಂಪ್ರತ. ತಮ್ಮ ಎರಡು ಕಾಗದ ಬಂದವು. ತಮ್ಮನ್ನು ಪೊಲೀಸರು ಹುಡುಕುತ್ತಿದ್ದಾರೆ. ಇನ್ನು ಬರೆಯಬೇಡಿ. ಬರಲೂ ಬೇಡಿ. ಮಿಕ್ಕಂತೆ ಎಲ್ಲ ಕ್ಷೇಮ.'

ಮೊದಲನೆಯ ಕಾಗದ ಪೊಲೀಸರಿಗೆ ಸಿಕ್ಕಿದ್ದರೆ ನನಗೆ ಅಂಜಿಕೆಯಿರಲಿಲ್ಲ. ಎರಡನೆಯದು ಅವಳ ಅಣ್ಣನ ಕೈ ಸೇರಿದ್ದರೆ ಅವಳ ಕೆಲಸ, ಮಾನ, ಅಣ್ಣನ ಮನೆ, ಎಲ್ಲವೂ ಒಂದೇ ದಿನಕ್ಕೆ ಹೋಗುತ್ತಿತ್ತು. ಯಾವುದು ಯಾರ ಕೈಯಲ್ಲಿದೆ ಎಂಬುದು ಕಾರ್ಡಿನಲ್ಲಿರಲಿಲ್ಲ. ಗುರುವಾರ ಬೆಳಿಗ್ಗೆ ಹಣಿಗೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಹಣಿಗೆ ಹಿಂದಿರುಗಿಸಲು ಬಂದೆ ಎನ್ನುವುದು ನಾನು ಹೂಡಿದ ನೆಪ. ಪತ್ತೇದಾರಿ ಲೇಖಕಿಗೆ ಹೊಳೆದ ಅತ್ಯುತ್ತಮ ನೆಪ ಅದು.

ಹರಿಹರ: ಗಡಿ

ಸೇತುವೆಯ ಮೇಲೆ ರೈಲು ನಿಧಾನವಾಯಿತು. ಕಿಟಕಿಗೆ ಹಣೆ ಹಚ್ಚಿ ನೋಡಿದೆ. ಕೆಳಗೆ ಬಂಡೆ, ಮರಳು, ನಡುವೆ ಒಂದು ಸೀರೆಯಷ್ಟು ಅಗಲದ ನೀರು. ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದರು. ಗಿರಿಜಾಳ ವರದಿ ಅಕ್ಷರಶಃ ಸರಿಯಿತ್ತು.

ಹರಿಹರದ ಪ್ಲಾಟ್‌ಫಾರಂ ಮೇಲೆ ಒಬ್ಬ ದಫೇದಾರರು, ಇಬ್ಬರು ಪೇದೆಗಳು ನಿಂತಿದ್ದರು. ಗಂಡಸರ ಡಬ್ಬಿಗಳಿಗೆ ನುಗ್ಗಿ, ದಪ್ಪ ಮೀಸೆಯವರನ್ನೆಲ್ಲ ಕೆಳಗಿಳಿಸಿ ಹೆಸರು ಕೇಳುತ್ತಿದ್ದರು. ರಾಣೆಬೆನ್ನೂರಿನಲ್ಲಿ ಹತ್ತಿದ್ದ ಒಬ್ಬ ಪೈಲವಾನರನ್ನು ಬೆಂಚಿನ ಮೇಲೆ ಕೂರಿಸಿದ್ದರು. ಅವರು ಸಿಟ್ಟಿನಿಂದ ಅಂಗೈ ತೋರಿಸುತ್ತ, "ನನ್ನ ಮುಷ್ಟಿ ವಜ್ರದ್ದಲ್ಲ ಮಾರಾಯ್ರಾ, ನೋಡಿಕೋರಿ" ಎನ್ನುತ್ತಿದ್ದರು.

ಆಗ ನನಗೆ ಅರ್ಥವಾಯಿತು, ಹುಡುಕುತ್ತಿರುವುದು ನನ್ನನ್ನೇ, ಆದರೆ ಮೀಸೆಯಿರುವ ನನ್ನನ್ನು.

ದಫೇದಾರರು ನಮ್ಮ ಕಿಟಕಿಗೂ ಬಂದರು. "ಅಮ್ಮಾರೆ, ಈ ಕಡೆ ಯಾರಾರ ಧಾಂಡಿಗ ಆಸಾಮಿ ಓಡ್ಯಾಡಿದ್ನಾ?"

"ಇದು ಹೆಂಗಸರ ಡಬ್ಬಿ ಅದರಿ" ಎಂದೆ. ಸುಳ್ಳಲ್ಲ. ನಾನು ಸುಳ್ಳು ಹೇಳುವುದಿಲ್ಲ ಎಂಬ ಹೆಮ್ಮೆ ಆಗಿನ್ನೂ ಇತ್ತು.

ಚಹಾ ಕುಡಿಯಲು ಕೆಳಗಿಳಿದೆ. ಅಂಗಡಿಯವರು, "ಟೀ ಇಲ್ಲ, ಕಾಫಿ ಐತೆ, ಕೊಡ್ಲಾ?" ಎಂದರು. ಕೊಟ್ಟ ಲೋಟ ಕೆಂಡದಂತೆ ಸುಡುತ್ತಿತ್ತು. ಅದನ್ನು ಆರಿಸಿಕೊಳ್ಳುತ್ತ, ಪೈಲವಾನರ ವಿಚಾರಣೆಯನ್ನು ಮನಸ್ಸಿನಲ್ಲೇ ಬರೆದುಕೊಳ್ಳುತ್ತ ನಿಂತೆ. ಆ ವರದಿ ಮುಗಿಯುವಷ್ಟರಲ್ಲಿ ರೈಲು ಹೊರಟು ಹೋಗಿತ್ತು. ನನ್ನ ಚೀಲ ಅದರಲ್ಲೇ ಇತ್ತು. ಅದು ಬೆಂಗಳೂರಿನ ತನಕ ಹೋಯಿತೆಂದು ಆಮೇಲೆ ಊಹಿಸಿದೆ. ನಾನು ಈ ತನಕ ಅಷ್ಟು ದೂರ ಹೋಗಿಲ್ಲ.

ಹರಿಹರದಿಂದ ದಾವಣಗೆರೆ: ಬಸ್ಸು

ಬಸ್ಸಿನಲ್ಲಿ ಸಿಕ್ಕ ಒಂದೇ ಜಾಗ ದಫೇದಾರರ ಎದುರಿನದು. ಅವರ ಹೆಸರು ರುದ್ರಪ್ಪ. ದಾವಣಗೆರೆಯವರು, ಆಚೆಯಿಂದ ಬರುವ ರೈಲು ನೋಡಲು ಗಡಿಗೆ ಬಂದಿದ್ದರು. ಪೈಲವಾನರನ್ನು ಬಿಟ್ಟುಕಳಿಸಿ ಬೇಸರದಲ್ಲಿದ್ದರು. ಹೊಳೆಯಾಚೆಯವಳು ಎಂದು ಮಾತಿನಲ್ಲೇ ಗುರುತಿಸಿ, ಜೇಬಿನಿಂದ ಮಡಚಿದ ಕಾಗದ ತೆಗೆದರು.

"ನೀವು ಓದಿದೋರು ಕಾಣ್ತೀರಿ. ಇದು ನಿಮ್ಮ ಕಡೇ ಭಾಷೆ. ಬರ್ದೋನು ಎಂಥ ಮನುಷ್ಯ, ಸ್ವಲ್ಪ ಹೇಳ್ರಿ ನೋಡಾನ."

ಠಾಣೆಯ ರೈಟರು ನಕಲು ಮಾಡಿದ ನನ್ನದೇ ಕಾಗದ. ಮೊದಲನೆಯದು.

'ಅಣ್ಣನನ್ನು ಈ ಶುಕ್ರವಾರದೊಳಗೆ ಮುಗಿಸಲೇಬೇಕು. ಇನ್ನು ಎಳೆಯುವುದು ಸಾಧ್ಯವಿಲ್ಲ. ಹಾಲಿನಲ್ಲಿ ಬೇಡ, ಎಲ್ಲರೂ ಹಾಲಿನಲ್ಲೇ ಹಾಕುತ್ತಾರೆ. ಹೊಳೆಯಲ್ಲಿ ನೀರಿಲ್ಲ. ನೀವು ಹೇಳಿದಂತೆ ಅರಳೆ ಗೋದಾಮೇ ಸರಿ. ಮೇಲಿನ ಸಾಲಿನ ಅಂಡಿಗೆ, ಅಂಥ ಭಾರದ ಅರಳೆ ಮೂಟೆ, ಉರುಳಲಿ, ಆಕಸ್ಮಿಕ ಅಂದುಕೊಳ್ಳುತ್ತಾರೆ. ಅತ್ತಿಗೆಯನ್ನು ಉಳಿಸೋಣ, ಕಡೆಗೆ ಬೇಕಾಗುತ್ತಾಳೆ. ಕೂಡಲೇ ಉತ್ತರಿಸಿರಿ. ವಜ್ರಮುಷ್ಟಿ.'

"ಅವಸರದಾಗ ಇದ್ದಾನ್ರಿ" ಎಂದೆ.

"ಅವಸರ ಅಲ್ರೀ ತಾಯಿ, ಕಟುಕ! ಮೇಲಿನ ಸಾಲು ನೋಡ್ರಿ. ಉಭಯ ಕುಶಲ ಇಲ್ಲ, ಕ್ಷೇಮ ಇಲ್ಲ, ಮನೇಲಿ ದೊಡ್ಡೋರಿಗೆ ನಮಸ್ಕಾರ ಇಲ್ಲ. ಎದ್ದವನೇ ಅಣ್ಣನ್ನ ಮುಗಿಸು ಅಂತಾನೆ. ಇಪ್ಪತ್ತು ವರ್ಷ ಸರ್ವೀಸ್ ಮಾಡೀನಿ. ಕಳ್ಳರು ಕಾಗದ ಬರೆದ್ರೂ ಕ್ಷೇಮ ಕೇಳ್ತಾರೆ. ಜೈಲಿಂದ ಬರೆಯೋರು ಸೈತ ಕೇಳ್ತಾರೆ. ಇವನಿಗೆ ಕರುಳೇ ಇಲ್ಲ."

ನನ್ನ ಗದ್ಯಶೈಲಿಯ ಬಗ್ಗೆ ಇಷ್ಟು ವಿವರವಾದ ವಿಮರ್ಶೆ ಅದಕ್ಕೂ ಮೊದಲು ಬಂದಿರಲಿಲ್ಲ.

"ಇದೊಂದೇ ಕಾಗದೇನ್ರಿ ಸಿಕ್ಕಿದ್ದು?" ಸಾಧ್ಯವಾದಷ್ಟು ತಣ್ಣಗೆ ಕೇಳಿದೆ.

"ಸಿಕ್ಕಿದ್ದು ಇದೊಂದೇ" ಎಂದು ರುದ್ರಪ್ಪನವರು ಕಾಗದ ಮಡಚಿದರು. "ಮಿಕ್ಕಿದ್ದು ನೋಡಾನ."

ದಾವಣಗೆರೆ: ಗುರುವಾರ

ಗಿರಿಜಾಳ ಅಣ್ಣ, ಅರಳೆ ವ್ಯಾಪಾರಿ ಮುರಿಗೆಪ್ಪನವರು ಈಗಿಲ್ಲ. ಅತ್ತಿಗೆ ನಾಗಮ್ಮನವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರೀರಿ, ನನ್ನ ಹೆಸರು ಮಾತ್ರ ಬದಲಾಯಿಸಬ್ಯಾಡ್ರಿ" ಎಂದಿದ್ದಾರೆ.

ದಾವಣಗೆರೆ ಅಂದರೆ ನಾನು ಗಿರಣಿಯ ಚಿಮಣಿಗಳ ಊರು ಎಂದುಕೊಂಡಿದ್ದೆ. ಚಿಮಣಿಗಳೂ ಇದ್ದವು, ಅದಕ್ಕಿಂತ ಮೊದಲು ಕಂಡದ್ದು ಗಾಳಿಯಲ್ಲಿ ಹಾರುವ ಅರಳೆಯ ಎಳೆ. ಗಿಡದ ಮೇಲೆ, ಎತ್ತಿನ ಕೋಡಿನ ಮೇಲೆ, ಕೊನೆಗೆ ನನ್ನ ಹುಬ್ಬಿನ ಮೇಲೆ. ಹುಬ್ಬು ನರೆತ ಮುದುಕಿಯಂತೆ ಅವರ ಬಾಗಿಲಲ್ಲಿ ನಿಂತೆ.

ಬಾಗಿಲು ತೆಗೆದವರು ಮುರಿಗೆಪ್ಪನವರೇ. ಐವತ್ತರ ಆಚೆಯ ದಪ್ಪ ಮನುಷ್ಯರು, ಎರಡೂ ಕಣ್ಣಿಗೆ ಪೊರೆ, ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು.

"ಹೆಂಗಸರಾ?" ಎಂದು ಸೆರಗಿನ ಬಣ್ಣದ ಕಡೆ ಕಣ್ಣು ಕಿರಿದು ಮಾಡಿದರು. ಹುಬ್ಬಳ್ಳಿಯಿಂದ ಬಂದೆ, ಗಿರಿಜಾಳ ಗೆಳತಿ ಇಂದುಮತಿ ಎಂದೆ. "ಬರ್ರಿ, ಬರ್ರಿ. ಕೂಡ್ರಿ. ಹೆಂಗಸರು ಬಂದ್ರೆ ನಂಗೆ ಚಿಂತಿಲ್ಲ. ಗಂಡಸರು ಯಾರೂ ಇಲ್ವಲ್ಲ ಜೊತಿಗೆ?"

ನಾಗಮ್ಮನವರು ಒಳಗಿನಿಂದ ಬಂದರು. ತೆಳ್ಳಗಿನ ಹೆಂಗಸು, ಸೊಂಟದಲ್ಲಿ ಎಲೆಅಡಿಕೆಯ ಸಂಚಿ. ಹೆಸರು ಕೇಳಿದವರೇ ನನ್ನನ್ನು ಎರಡು ಕ್ಷಣ ನೋಡಿದರು. "ಬರಬ್ಯಾಡಿ ಅಂದ್ರೂ ಬರೋರು ಇರ್ತಾರೆ" ಎಂದು ಗೋಡೆಗೆ ಹೇಳಿದಂತೆ ಹೇಳಿ, ನೀರು ತರಲು ಹೋದರು. ಕಾರ್ಡು ಬರೆದವರು ಯಾರೆಂದು ತಿಳಿಯಿತು. ನಾಲ್ಕು ಪುಟ ಓದಿದವರೂ ಇವರೇ ಇರಬೇಕು ಎನಿಸಿ, ನೀರಿನ ಚೊಂಬು ತೆಗೆದುಕೊಳ್ಳುವಾಗ ಅವರ ಮುಖ ನೋಡಲಾಗಲಿಲ್ಲ.

ಒಗ್ಗರಣೆ ಮಂಡಕ್ಕಿ ಬಂತು. ನಮ್ಮ ಕಡೆ ಸುಸಲ ಅನ್ನುವುದೇ. ಇಲ್ಲಿ ಕಾರ ಒಂದು ಕೈ ಹೆಚ್ಚು. ಮುರಿಗೆಪ್ಪನವರು ತಮ್ಮ ತಟ್ಟೆಯನ್ನು ನನ್ನತ್ತ ಸರಿಸಿ, "ಮೊದ್ಲು ನೀವು ತಗೊಳ್ರಿ" ಎಂದರು. ಅತಿಥಿ ಸತ್ಕಾರ ನಮಗಿಂತ ಒಂದು ಹೆಜ್ಜೆ ಮುಂದಿದೆ ಎಂದುಕೊಂಡು ತಿಂದೆ. ಅವರು ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಬದುಕಿರುವುದು ಖಚಿತವಾದ ಮೇಲೆ ತಾವೂ ಕೈ ಹಾಕಿದರು.

"ಏನೂ ತಿಳ್ಕೋಬ್ಯಾಡ್ರಿ. ಮಂಗಳವಾರದಿಂದ ಬಾಳೆಹಣ್ಣಿನ ಮೇಲೆ ಇದೀನಿ. ಅದಾದ್ರೆ ನಾನೇ ಸುಲಕೋಬೌದು" ಎಂದು ಕಥೆ ಹೇಳಿದರು. ಶಾಲೆ ಮುಚ್ಚಿದ್ದರಿಂದ ಪೋಸ್ಟ್‌ಮ್ಯಾನು ಗಿರಿಜಾಳ ಕಾಗದವನ್ನು ಇವರ ಅಂಗಡಿಗೆ ಕೊಟ್ಟ. ಕಣ್ಣು ಕಾಣದ್ದರಿಂದ ಅಂಗಡಿಗೆ ಬಂದ ಟಪಾಲನ್ನೆಲ್ಲ ಸಂಜೆ ನಾಗಮ್ಮನವರು ಓದಿ ಹೇಳುವುದು ಈ ಮನೆಯ ರೂಢಿ. ಆ ಸಂಜೆ ಗಿರಿಜಾ ಇರಲಿಲ್ಲ. ನಂದಿಗುಡಿಯ ಮಠಕ್ಕೆ ಹೋಗಿದ್ದಳು. ಹೆಂಡತಿ ಓದಿದ್ದು ಕೇಳಿ ಕಾಗದವನ್ನು ಠಾಣೆಗೆ ಕೊಟ್ಟರು. ಆಗಿನಿಂದ ಇವರು ಗೋದಾಮಿಗೆ ಕಾಲಿಟ್ಟಿಲ್ಲ, ಹಾಲು ಮುಟ್ಟಿಲ್ಲ.

"ಹಾಲಿನಾಗ ಬ್ಯಾಡ ಅಂತ ಬರ್ದಾರಂತಲ್ರಿ?" ನಾನು ಯೋಚಿಸದೆ ಬಾಯಿಬಿಟ್ಟೆ.

"ಹಂಗೆ ಬರ್ದು ಹಾಲಿನಾಗೇ ಹಾಕಿದ್ರೆ?" ಎಂದರು. ಪತ್ತೇದಾರಿ ಬುದ್ಧಿ ನನಗಿಂತ ಅವರಿಗೇ ಹೆಚ್ಚಿತ್ತು. "ಗಿರಿಜಾ ಇದು ಕಥೆ ಅಂತಾಳೆ. ಕಥೆ ಆದ್ರೆ ನನ್ನ ಗೋದಾಮು ಯಾಕ? ಹೋಗ್ಲಿ, ಕಥೇನೇ ಅನ್ನಿ. ಬರ್ದೋನು ಯಾವನು? ಗಂಡ ಸತ್ತ ಹೆಣ್ಮಗಳಿಗೆ ವಜ್ರಮುಷ್ಟಿ ಅನ್ನೋ ಗಂಡಸು ಯಾಕ ಕಾಗದ ಬರೀಬೇಕು? ಕೊಲೆ ಆದ್ರೆ ನಾನು ಸಾಯ್ತೀನಿ, ಕಥೆ ಆದ್ರೆ ಮಾನ ಸಾಯ್ತದೆ. ನಾಳೆ ಶುಕ್ರವಾರ ದಾಟ್ಲಿ. ಶನಿವಾರ ಅವಳನ್ನ ನಂದಿಗುಡಿಗೆ ಕಳಿಸ್ತೀನಿ, ನಮ್ಮ ಸೋದರತ್ತೆ ಅದಾಳೆ ಅಲ್ಲಿ. ಸಾಲೆ ಬಿಡಿಸ್ತೀನಿ."

ನಡುಮನೆಯ ಬಾಗಿಲಲ್ಲಿ ಗಿರಿಜಾ ಬಂದು ನಿಂತಿದ್ದಳು. ಮುಖ ಬಾಡಿತ್ತು. ಆರು ತಿಂಗಳ ಮೇಲೆ ನೋಡಿದ್ದೆ. ಎಷ್ಟೋ ಹೇಳಬೇಕೆಂದುಕೊಂಡಿದ್ದೆ.

"ನಿಮ್ಮ ಹಣಿಗೆ ತಂದಿದ್ದೆ" ಎಂದೆ. "ರೈಲಿನಾಗ ಹೋತು. ಬೆಂಗಳೂರಿಗೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುವುದು ಕಂಡು ಮುರಿಗೆಪ್ಪನವರು, "ಅಳಬ್ಯಾಡ ಸುಮ್ನಿರು" ಎಂದರು. ಅವಳು ನಗುತ್ತಿದ್ದಳು.

ದಾವಣಗೆರೆ: ಅದೇ ಸಂಜೆ

ರುದ್ರಪ್ಪನವರು ಸಂಜೆ ಐದಕ್ಕೆ ಬಂದು, ಆಸಾಮಿ ಗಡಿ ದಾಟಿಲ್ಲ ಎಂದು ವರದಿ ಒಪ್ಪಿಸಿದರು. ಬಸ್ಸಿನಲ್ಲಿ ಕಂಡ ನನ್ನನ್ನು ಇಲ್ಲಿ ನೋಡಿ ಅವರ ಹುಬ್ಬು ಮೇಲೇರಿತು. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ.

"ದಾಟ್ಯಾನ್ರಿ" ಎಂದೆ. "ವಜ್ರಮುಷ್ಟಿ ಅಂದ್ರ ನಾನು."

ಮುರಿಗೆಪ್ಪನವರು, "ಸುಮ್ನಿರ್ರೀ, ಗೆಳತಿನ್ನ ಉಳಿಸಾಕೆ ಹೇಳ್ತೀರಿ" ಎಂದರು. ಮೊದಲ ಲೆಕ್ಕದ ಪ್ರಕಾರ ನನ್ನ ಪದ್ಮಾ-ಲೀಲಾ ಏಳನೆಯ ಕಂತಿನಲ್ಲೇ ಆಡಿರಬೇಕಿದ್ದ ಮಾತನ್ನು ನಾನು ಆಡಿದ್ದೆ, ಇನ್ಸ್‌ಪೆಕ್ಟರನ ಉತ್ತರವನ್ನು ಇವರು ಕೊಟ್ಟಿದ್ದರು.

ರುದ್ರಪ್ಪನವರು ಅಸಲು ಕಾಗದ ತರಿಸಿ, ನನ್ನ ಮುಂದೆ ಹಾಳೆಯಿಟ್ಟು, "ಬರೀರಿ ಹಂಗಾರೆ" ಎಂದರು. ಬರೆದೆ: 'ಅಣ್ಣನನ್ನು ಈ ಶುಕ್ರವಾರದೊಳಗೆ ಮುಗಿಸಲೇಬೇಕು.' ಎರಡನ್ನೂ ಅಕ್ಕಪಕ್ಕ ಹಿಡಿದು ಅವರು ಬಹಳ ಹೊತ್ತು ನೋಡಿದರು. ನಾಗಮ್ಮನವರೂ ಬಗ್ಗಿ ನೋಡಿದರು.

"ಕೊಂಬು, ಒತ್ತು, ಎಲ್ಲ ಅದೇ ಐತೆ" ಎಂದರು ರುದ್ರಪ್ಪ. ಧ್ವನಿಯಲ್ಲಿ ನಿರಾಶೆಯಿತ್ತು. "ಇಷ್ಟು ದಿನ ಒಬ್ಬ ಹೆಂಗಸಿನ ಸಲುವಾಗಿ ಮೀಸೆ ಹುಡುಕಿದ್ವಾ?"

ಮುರಿಗೆಪ್ಪನವರ ಮುಖ ಸಡಿಲವಾಯಿತು. ಮೊದಲು ಜೀವ ಉಳಿದದ್ದು ತಿಳಿಯಿತು, ಆಮೇಲೆ ಮಾನ ಉಳಿದದ್ದು. ಬರೆದವನು ಗಂಡಸಲ್ಲ ಅಂದ ಮೇಲೆ ಅವರ ಲೆಕ್ಕದಲ್ಲಿ ಇನ್ನೇನೂ ಆಗಿರಲೇ ಇಲ್ಲ. ನಾನು ತಲೆ ಬಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದೆ.

"ಅಲ್ರೀ, ನನ್ನನ್ನ ಯಾಕ ಸಾಯಿಸಿದ್ರಿ?" ಎಂದರು ಈಗ, ಸಂಬಂಧಿಕರ ಮೇಲೆ ಮುನಿಸಿಕೊಂಡವರಂತೆ.

"ಆತ ನೀವಲ್ರಿ."

"ಅವನಿಗೂ ಕಣ್ಣಿಗೆ ಪೊರೆ ಬಂದದಾ?"

"...ಬಂದದರಿ."

"ಹಾಲು ಕುಡೀತಾನಾ?"

"ಕುಡೀತಾನ್ರಿ."

"ತಂಗಿನ್ನ ಹೊಡೀತಾನಾ?"

"ಇಲ್ರಿ. ಒಂದ್ ದಿನಾನೂ ಹೊಡದಿಲ್ಲ."

"ಮತ್ತೆ ಅವನದೇನು ತಪ್ಪು?"

ಇದನ್ನು ನಾನು ಹನ್ನೊಂದು ಕಂತಿನಲ್ಲಿ ಬರೆಯಲಾಗಿರಲಿಲ್ಲ. "ಆಕಿನ್ನ ಕೇಳೂದಿಲ್ರಿ. ಎಲ್ಲಿ ಕಳಸಬೇಕು, ಏನು ಬಿಡಸಬೇಕು, ಎಲ್ಲಾ ತಾನ ಮಾಡ್ತಾನ. ಆಕಿಗೆ ಏನು ಬೇಕು ಅಂತ ಒಮ್ಮೆನೂ ಕೇಳಿಲ್ಲ."

ಮುರಿಗೆಪ್ಪನವರು ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿದರು, ಬಿಡಿಸಿದರು. ಕೊನೆಗೆ ಬಾಗಿಲ ಕಡೆ ತಿರುಗಿದರು. "ಏನವ್ವ, ನಿನಗೇನು ಬೇಕು?"

"ಹುಬ್ಬಳ್ಳಿಗೆ ಹೋಗ್ಬೇಕಣ್ಣ" ಎಂದಳು ಗಿರಿಜಾ, ಕಾದು ಕುಳಿತವಳಂತೆ. "ಇವರ ಪ್ರೆಸ್ಸಿನಾಗೆ ಕೆಲಸ ಐತಂತೆ. ಇವರ ಮನೇಲೇ ಇರ್ತೀನಿ."

ಅವಳಿಗೆ ಕೆಲಸದ ವಿಷಯ ಗೊತ್ತಿತ್ತು. ಅಂದರೆ ಎರಡನೆಯ ಕಾಗದ ಓದಿದ್ದಳು. ಅದು ನನಗೆ ಹೊಳೆದ ಕ್ಷಣದಲ್ಲೇ ರುದ್ರಪ್ಪನವರಿಗೂ ಏನೋ ಹೊಳೆಯಿತು.

"ಒಂದು ಉಳೀತು" ಎಂದರು ಅವರು. "ಪೋಸ್ಟ್‌ಮ್ಯಾನು ಎರಡು ಲಕೋಟೆ ಕೊಟ್ಟೆ ಅಂದ. ಎರಡೂ ಹುಬ್ಬಳ್ಳಿ ಮುದ್ರೆ. ಇನ್ನೊಂದು ಎಲ್ಲಿ?"

ಮುರಿಗೆಪ್ಪನವರು ಹೆಂಡತಿಯ ಕಡೆ ತಿರುಗಿದರು. "ಹೌದಲ್ಲ. ಎರಡಿದ್ವು."

ನಾಗಮ್ಮನವರು ಸಂಚಿ ಬಿಚ್ಚಿ, ಒಂದು ಎಲೆ ತೆಗೆದು, ತೊಟ್ಟು ಮುರಿದರು. "ಅದು ಪತ್ರಿಕೆಯೋರ ಜಾಹೀರಾತು. ನಾನೇ ಒಲೆಗೆ ಹಾಕ್ದೆ."

ರುದ್ರಪ್ಪ ನನ್ನತ್ತ ನೋಡಿದರು. "ಹೌದೇನ್ರಿ?"

ಗಿರಿಜಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳು ಎಂದ ಮಾವ ನೆನಪಾದರು. ಹನ್ನೆರಡು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿ ಒಂದು ತಿದ್ದುಪಡಿಯನ್ನೂ ಪ್ರಕಟಿಸಬೇಕಾಗಿ ಬಂದಿರಲಿಲ್ಲ ನನಗೆ.

"ಹೌದ್ರಿ" ಎಂದೆ. "ವಿಶೇಷಾಂಕದ ಜಾಹೀರಾತು. ಎಲ್ಲಾ ಓದುಗರಿಗೂ ಕಳಸ್ತೀವಿ."

ರುದ್ರಪ್ಪನವರು ಅದನ್ನು ಬರೆದುಕೊಂಡರು. ದಾಖಲೆಯಲ್ಲಿ ಇವತ್ತಿಗೂ ಹಾಗೇ ಇರಬೇಕು.

ಮುರಿಗೆಪ್ಪನವರು ಒಂದು ದೊಡ್ಡ ಲೋಟ ಹಾಲು ತರಿಸಿದರು. ಅದರಲ್ಲಿ ಯಾರಿಗೂ ಪಾಲು ಕೊಡಲಿಲ್ಲ. ಮೀಸೆ ಒರೆಸಿಕೊಂಡು ಹೇಳಿದರು: "ಹೋಗಿ ಬರ್ಲಿ. ಊರಾಗೆ ಹೆಂಗೂ ಪೊಲೀಸ್ ಸುದ್ದಿ ಹಬ್ಬೇತೆ. ಬೇರೆ ಯಾರ ಜೊತೆ ಆದ್ರೂ ಕಳಿಸ್ತಿರಲಿಲ್ಲ. ಇಂದುಮತಕ್ಕ, ನೀವು ಅಂದ್ರೆ ನಂಗೆ ಧೈರ್ಯ. ಒಂದೇ ಮಾತು. ಆ ಅಂಡಿಗೆ ಸ್ವಲ್ಪ ಪಕ್ಕಕ್ಕೆ ಬೀಳ್ಲಿ."

ಹರಿಹರ: ಶುಕ್ರವಾರ

ಮುರಿಗೆಪ್ಪನವರು ಸಾಯಬೇಕಿದ್ದ ದಿನ ಅವರು ಗೋದಾಮಿಗೆ ಹೋಗಿ ಅಂಡಿಗೆಗಳನ್ನೆಲ್ಲ ಕೆಳಗಿಳಿಸುತ್ತಿದ್ದರು. ನಾವು ಮೂವರು ಹೆಂಗಸರು ಬಸ್ಸಿನಲ್ಲಿ ಹರಿಹರಕ್ಕೆ ಬಂದೆವು. ರೈಲಿಗೆ ಹೊತ್ತಿತ್ತು. ಅರ್ಧ ಹರಿ, ಅರ್ಧ ಹರನಾದ ದೇವರಿಗೆ ಕೈ ಮುಗಿದು ಗುಡಿಯ ಕಂಬದ ನೆರಳಲ್ಲಿ ಕುಳಿತೆವು. ಗಿರಿಜಾ ಪ್ರದಕ್ಷಿಣೆ ಹಾಕಲು ಹೋದಳು.

ನಾಗಮ್ಮನವರು ಸಂಚಿಗೆ ಕೈಹಾಕಿದರು. ಸುಣ್ಣದ ಡಬ್ಬಿಯ ಕೆಳಗಿನಿಂದ, ಎಂಟು ಮಡಿಕೆ ಮಾಡಿದ ನಾಲ್ಕು ಪುಟ ಹೊರಬಂದವು. ಅಡಿಕೆಯ ಕಲೆ ಹತ್ತಿತ್ತು.

"ತಗೊಳ್ರಿ ನಿಮ್ಮ ಜಾಹೀರಾತು."

ಎರಡೂ ಕೈ ಚಾಚಿ ತೆಗೆದುಕೊಂಡೆ.

"ಅವತ್ತು ಎರಡೂ ಒಳಗೆ ಒಡೆದು ಓದಿದ್ದೆ" ಎಂದರು. "ಇವರು ಹಜಾರದಾಗೆ ಕೂತು, ಓದು ಓದು ಅಂತಿದ್ರು. ಯಾವುದಾದ್ರೂ ಒಂದು ಓದ್ಲೇಬೇಕು. ಯೋಚನೆ ಮಾಡ್ದೆ. ಕೊಲೆ ಕಾಗದ ಎಂಟು ದಿನದಾಗೆ ಸುಳ್ಳು ಅಂತ ಗೊತ್ತಾಗ್ತದೆ. ಇದು ಸುಳ್ಳು ಅಂತ ಯಾರು ಹೇಳ್ತಾರೆ? ಅದಕ್ಕೆ ಕೊಲೆ ಓದಿದೆ."

"ನಿಮ್ಮ ಗಂಡ ಮೂರು ದಿನ ಉಪವಾಸ ಬಿದ್ರಲ್ರಿ."

"ಮೈ ಇಳೀಬೇಕು ಅಂತ ಡಾಕ್ಟರು ಹೇಳಿದ್ರು" ಎಂದರು. ಎಲೆಗೆ ಸುಣ್ಣ ಹಚ್ಚಿದರು. "ಅವಳು ಹೋದ ಮೇಲೂ ಮನೇಲಿ ಎರಡು ಲೋಟ ಇಡೋ ಚಟ ಹೋಗಿಲ್ಲ ಅಂತ ಬರ್ದೀರಲ್ಲ. ಗಂಡ-ಹೆಂಡ್ತಿ ಒಂದು ಮನ್ಯಾಗೆ ಹೆಂಗಿರ್ತಾರೋ ಹಂಗಿರಾನ, ಇದಕ್ಕೆ ಬೇರೆ ಮಾತು ಗೊತ್ತಿಲ್ಲ ಅಂತ. ನಂಗೆ ಇಪ್ಪತ್ತೆಂಟು ವರ್ಷದಾಗೆ ಇಂಥ ಕಾಗದ ಬಂದಿಲ್ಲ. ಸುಡೋಕೆ ಕೈ ಬರ್ಲಿಲ್ಲ. ಅವಳಿಗೂ ಓದಾಕೆ ಕೊಟ್ಟೆ, ಮತ್ತೆ ಇಸ್ಕೊಂಡೆ."

"ನಿಮ್ಮ ಉಪಕಾರ ಹ್ಯಾಂಗ..." ಎಂದು ಶುರು ಮಾಡಿದೆ.

"ನೀವೇ ಬರ್ದಿದ್ರಲ್ಲ, ಅತ್ತಿಗೆನ್ನ ಉಳಿಸಾನ, ಕಡೆಗೆ ಬೇಕಾಗ್ತಾಳೆ ಅಂತ" ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು. "ಇನ್ನೊಂದು ಹೇಳ್ತೀನಿ. ಆ ಲೀಲಾನ್ನ ಇನ್ಸ್‌ಪೆಕ್ಟರಿಗೆ ಕೊಡಬ್ಯಾಡ್ರಿ. ನಾನು ಮೊದಲಿಂದ ಓದೀನಿ, ಅವಳಿಗೆ ಆ ಮನುಷ್ಯ ಸರಿಬರಾಂಗಿಲ್ಲ. ಮತ್ತೆ ಕಾಗದ ಅಂಗಡಿಗೇ ಹಾಕ್ರಿ, ನಾನೇ ಓದೋದು. ಆದ್ರೆ ಮ್ಯಾಲೆ ಕ್ಷೇಮ ಬರೀರಿ ಮಾರಾಯ್ತಿ. ಬರೀದಿದ್ರೆ ಮತ್ತೆ ದಫೇದಾರರು ಬರ್ತಾರೆ."

ಗಿರಿಜಾ ಪ್ರದಕ್ಷಿಣೆ ಮುಗಿಸಿ ಬಂದಳು. ಅತ್ತಿಗೆಯ ಕಾಲಿಗೆ ಬಾಗಿದಳು. ನಾಗಮ್ಮನವರು ಅವಳ ಸೆರಗಿಗೆ ಏನೋ ಕಟ್ಟಿದರು. ರೈಲಿನಲ್ಲಿ ಬಿಚ್ಚಿ ನೋಡಿದರೆ, ಹೊಸ ಹಣಿಗೆ.

ಮತ್ತೆ ಸೇತುವೆ

ರೈಲು ಸೇತುವೆ ಹತ್ತಿದಾಗ ಗಡಿ ಎಲ್ಲಿ ಬರುತ್ತದೆ ಎಂದು ಕಂಬ ಎಣಿಸತೊಡಗಿದೆ. ಗೆರೆಯೇನೂ ಇರಲಿಲ್ಲ, ಅದು ಅವಳು ಮೊದಲೇ ತಿದ್ದಿದ ತಪ್ಪು. ಡಬ್ಬಿಯಲ್ಲಿ ಬೇರೆ ಹೆಂಗಸರಿದ್ದರು. ಬುತ್ತಿ ಬಿಚ್ಚುವುದರಲ್ಲಿ, ಮಕ್ಕಳನ್ನು ಗದರುವುದರಲ್ಲಿ ಇದ್ದರು. ಗಿರಿಜಾ ನನ್ನ ಪಕ್ಕದಲ್ಲಿ ಕುಳಿತು ಕೆಳಗಿನ ಬಂಡೆಗಳನ್ನು ನೋಡುತ್ತಿದ್ದಳು. ಎಣಿಕೆ ತಪ್ಪಿತು. ನಮ್ಮ ಕಡೆಯ ದಂಡೆ ಬಂದ ಮೇಲೆ ಅವಳು, "ಇನ್ನೂ ನೀವು ಅಂತೀಯಾ?" ಎಂದಳು. ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಉತ್ತರ ಹೇಳಲು ನನಗೆ ರಾಣೆಬೆನ್ನೂರಿನ ತನಕ ಹೊತ್ತು ಬೇಕಾಯಿತು.

ಧಾರಾವಾಹಿಯಲ್ಲಿ ಅಂಡಿಗೆ ಪಕ್ಕಕ್ಕೆ ಬಿತ್ತು. ಅಣ್ಣ ಉಳಿದ. ಕೊಲೆಯೇ ಇಲ್ಲದ ಪತ್ತೇದಾರಿ ಕಥೆ ಎಂದು ಮಾವ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಇನ್ಸ್‌ಪೆಕ್ಟರನಿಗೆ ವರ್ಗವಾಯಿತು. ಓದುಗರು ಬೈದು ಬರೆದರು. ದಾವಣಗೆರೆಯ ಒಬ್ಬ ದಫೇದಾರರು ಮಾತ್ರ ಕಥೆ ನೈಜವಾಗಿದೆ ಎಂದು ಮೆಚ್ಚಿ ಬರೆದರು.

ಊರು ಮುಟ್ಟಿದ ಮರುದಿನ ಪ್ರೆಸ್ಸಿನ ಮೇಜಿನ ಮುಂದೆ ಕುಳಿತು ದಾವಣಗೆರೆಯ ಅಂಗಡಿಗೆ ಕಾಗದ ಬರೆದೆ. ಎದುರಿಗೆ ಗಿರಿಜಾ ನನ್ನ ಹನ್ನೆರಡನೆಯ ಕಂತಿನ ಪ್ರೂಫಿನಲ್ಲಿ ತಪ್ಪು ಹುಡುಕುತ್ತಿದ್ದಳು. ಅವಳಿಗೆ ಸಿಗುತ್ತಲೂ ಇದ್ದವು. ನಾಗಮ್ಮನವರು ಗಂಡನೆದುರು ಗಟ್ಟಿಯಾಗಿ ಓದುವ ಕಾಗದವಾದ್ದರಿಂದ ಹೆಚ್ಚು ಬರೆಯುವಂತಿರಲಿಲ್ಲ. 'ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾವಿಬ್ಬರೂ ಕ್ಷೇಮ' ಎಂದು ಬರೆದು ಪೆನ್ನು ಎತ್ತಿದೆ. ಮುಖ್ಯ ಸುದ್ದಿ ಮೊದಲ ಸಾಲಿನಲ್ಲಿ ಬರಬೇಕೆಂದು ಮಾವ ಹೇಳುತ್ತಿದ್ದುದು ಸರಿ. ಅಂದು ನನ್ನಲ್ಲಿ ಅದಲ್ಲದೆ ಬೇರೆ ಸುದ್ದಿ ಇರಲಿಲ್ಲ.